ಭಾನುವಾರವೂ ಲ್ಯಾಬಿಗೆ ಹೋಗಲೇಬೇಕಾ?

ಪ್ರಶ್ನೆ: ಮಗಳು ಎಂಎಸ್ಸಿ ಬಯೋಟೆಕ್ನಾಲಜಿ ಮುಗಿಸಿ, ಬೆಂಗಳೂರಿನ ಒಂದು ವಿಶ್ವವಿದ್ಯಾಲಯದ ಸ್ಟೆಮ್ ಸೆಲ್ ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದಾಳೆ. ಹಬ್ಬಕ್ಕೂ ಊರಿಗೆ ಬರಲ್ಲ, "ಸೆಲ್ಸ್ ನೋಡ್ಕೋಬೇಕು ಅಪ್ಪಾ" ಅಂತಾಳೆ. ಪಿಎಚ್‌ಡಿ ಮಾಡದವರಿಗೆ ಅಲ್ಲಿ ಅಂಥದ್ದೇನು ಕೆಲಸ?
– ಒಬ್ಬ ತಂದೆ, ಶಿವಮೊಗ್ಗ

ಉತ್ತರ: ಅವಳು ಹೇಳುತ್ತಿರುವುದು ನೆಪ ಅಲ್ಲ ಸಾರ್. ದೇಹದ ಯಾವ ಬಗೆಯ ಕೋಶವಾಗಿ ಬೇಕಾದರೂ ಬದಲಾಗಬಲ್ಲ ಸ್ಟೆಮ್ ಸೆಲ್‌ಗಳನ್ನು (ಸೆಲ್ ಅಂದರೆ ಕೋಶ) ಸಾಕುವ ಲ್ಯಾಬಾದರೆ, ಆರೈಕೆ ಸ್ವಲ್ಪ ತಪ್ಪಿದರೂ ಅವು ತಾವಾಗಿಯೇ ಇನ್ನೇನೋ ಆಗತೊಡಗುತ್ತವೆ, ಇಲ್ಲವೇ ಸಾಯುತ್ತವೆ. 37 ಡಿಗ್ರಿ ಇನ್‌ಕ್ಯುಬೇಟರಿನಲ್ಲಿ ಬೆಳೆಯುವ ಇವಕ್ಕೆ ಆಹಾರ ಕೊಡುವ ದ್ರವವನ್ನು, ಅಂದರೆ ಮೀಡಿಯಾವನ್ನು, ಸಾಮಾನ್ಯವಾಗಿ ದಿನಾ ಬದಲಿಸಬೇಕು. ಮೈಕ್ರೋಸ್ಕೋಪಿನಲ್ಲಿ ಒಂದೊಂದು ಗುಂಪನ್ನೂ ನೋಡಿ, ಎಲ್ಲಾದರೂ ಬದಲಾದಂತೆ ಕಂಡರೆ ಆ ಭಾಗವನ್ನು ಕೆರೆದು ತೆಗೆಯಬೇಕು. ತಟ್ಟೆ ತುಂಬಿದರೆ ಬಿಡಿಸಿ ಹೊಸ ತಟ್ಟೆಗೆ ಹಾಕಬೇಕು. ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾ ಹೊಕ್ಕರೆ ಮೀಡಿಯಾ ಕದಡಿದಂತೆಯೂ ಕಾಣುವುದಿಲ್ಲ, ಆದರೆ ತಿಂಗಳುಗಟ್ಟಲೆ ಮಾಡಿದ ಪ್ರಯೋಗವನ್ನು ನಂಬುವಂತಿಲ್ಲ. ಅದಕ್ಕೂ ಆಗಾಗ ಪರೀಕ್ಷೆ ಮಾಡುತ್ತಿರಬೇಕು.

ಲ್ಯಾಬಿನ ಮುಖ್ಯಸ್ಥರ ದಿನ ಹೆಚ್ಚಾಗಿ ಪಾಠ, ಮೀಟಿಂಗು, ಅನುದಾನದ ಅರ್ಜಿಗಳಲ್ಲೇ ಕಳೆಯುತ್ತದೆ. ಕೋಶಗಳ ಮುಂದೆ ಕೂರುವವರು ಪಿಎಚ್‌ಡಿ ಮುಗಿಸಿ ಸಂಶೋಧನೆ ಮಾಡುತ್ತಿರುವ ಪೋಸ್ಟ್‌ಡಾಕ್‌ಗಳು, ಪಿಎಚ್‌ಡಿ ವಿದ್ಯಾರ್ಥಿಗಳು, ಟೆಕ್ನಿಷಿಯನ್ನರು, ನಿಮ್ಮ ಮಗಳಂಥವರು.

ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಶಿನ್ಯಾ ಯಾಮನಾಕಾ ಅವರ ಲ್ಯಾಬನ್ನೇ ನೋಡಿ. ಇಲಿಯ ಮಾಮೂಲಿ ಕೋಶವನ್ನು ಮತ್ತೆ ಸ್ಟೆಮ್ ಸೆಲ್‌ನಂತೆ ಮಾಡಬಹುದು ಎಂದು 2006ರಲ್ಲಿ ತೋರಿಸಿದ್ದಕ್ಕೆ ಅವರಿಗೆ 2012ರ ನೊಬೆಲ್‌ನಲ್ಲಿ ಪಾಲು ಬಂತು. ಆ ಪ್ರಯೋಗಗಳನ್ನು ಕೈಯಾರೆ ಮಾಡಿದವರು ಕಜುತೋಶಿ ತಕಾಹಾಶಿ, ಅವರ ಲ್ಯಾಬಿಗೆ ವಿದ್ಯಾರ್ಥಿಯಾಗಿ ಬಂದವರು. ಆರಿಸಿಟ್ಟಿದ್ದ 24 ಜೀನ್‌ಗಳನ್ನು ಕೋಶಕ್ಕೆ ಒಂದೊಂದಾಗಿ ಹಾಕಿದಾಗ ಏನೂ ಆಗಲಿಲ್ಲ, ಎಲ್ಲವನ್ನೂ ಒಟ್ಟಿಗೆ ಹಾಕಿದಾಗ ಆಯ್ತು. ಇನ್ನು ಒಂದೊಂದನ್ನೇ ಬಿಟ್ಟು ನೋಡೋಣ, ಯಾವುದಿಲ್ಲದಿದ್ದರೆ ಕೆಲಸ ಕೆಡುತ್ತದೋ ಅದೇ ಬೇಕಾದದ್ದು, ಅನ್ನುವ ಯೋಚನೆ ತಕಾಹಾಶಿಯವರದು. ಕೊನೆಗೆ 4 ಜೀನ್ ಉಳಿದವು. ಅದೇ ಲ್ಯಾಬಿನ ಟೆಕ್ನಿಷಿಯನ್ ಟೊಮೊಕೊ ಇಚಿಸಾಕಾ. 2007ರಲ್ಲಿ ಮನುಷ್ಯರ ಕೋಶದಲ್ಲೂ ಇದು ಸಾಧ್ಯ ಎಂದು ಪ್ರಬಂಧ ಬಂದಾಗ ಲೇಖಕರ ಸಾಲಿನಲ್ಲಿ ಅವರ ಹೆಸರೂ ಇತ್ತು. ನೊಬೆಲ್ ಭಾಷಣದಲ್ಲೂ ಯಾಮನಾಕಾ ಇವರನ್ನು ಹೆಸರು ಹಿಡಿದು ನೆನೆದರು.

ನಮ್ಮಲ್ಲಿ ಪ್ರಾಜೆಕ್ಟ್ ಮುಗಿದರೆ ಅಸಿಸ್ಟೆಂಟ್ ಕೆಲಸವೂ ಸಾಮಾನ್ಯವಾಗಿ ಮುಗಿಯುತ್ತದೆ. ಇಷ್ಟು ನಾಜೂಕಿನ ಕೈಕೆಲಸ ಕಲಿತವರನ್ನು ಹೀಗೆ ಕಳಿಸಿಬಿಡುವುದು ನನಗಂತೂ ಸರಿ ಕಾಣುವುದಿಲ್ಲ. ಹಾಗಾಗಿ ಮಗಳಿಗೆ ಎರಡು ಮಾತು ಹೇಳಿ. ಪ್ರಬಂಧದಲ್ಲಿ ತನ್ನ ಹೆಸರು ಇರುತ್ತದಾ ಅಂತ ಮುಖ್ಯಸ್ಥರನ್ನು ಈಗಲೇ ಕೇಳಲಿ, ಸಂಕೋಚ ಬೇಡ. ಆಮೇಲೆ ರಜಾ ದಿನಗಳಿಗೆ ಪಾಳಿ ಹಾಕಿಕೊಳ್ಳೋಣ ಅಂತ ಜೊತೆಯವರ ಹತ್ತಿರ ಮಾತಾಡಲಿ, ಯಾಕೆಂದರೆ ಕೋಶಗಳಿಗೆ ದಿನಾ ಯಾರಾದರೂ ಬೇಕು ನಿಜ, ಆದರೆ ದಿನಾ ಅವಳೇ ಬೇಕು ಅಂತೇನಿಲ್ಲ ಅಲ್ವಾ?

ಪ್ರಶ್ನೆ: ಅವಳು ಅಲ್ಲೇ ಇರುವುದರಿಂದ ನಮ್ಮ ತಾಯಿಯ ಮಂಡಿನೋವಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸಬಹುದಾ?

ಉತ್ತರ: ಆಗಲ್ಲ, ಅವಳನ್ನು ಕೇಳಲೂಬೇಡಿ. ಲ್ಯಾಬಿನ ತಟ್ಟೆಯಲ್ಲಿರುವುದು ಪ್ರಯೋಗಕ್ಕೆ ಬೆಳೆಸಿದ್ದು, ಔಷಧಿ ಅಲ್ಲ. ಕೆಲವು ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥ ಒಪ್ಪಿತ ಚಿಕಿತ್ಸೆ ಬಿಟ್ಟರೆ, ಉಳಿದದ್ದನ್ನು ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ, ಅಂದರೆ ಚಿಕಿತ್ಸೆಯನ್ನು ಜನರ ಮೇಲೆ ಪರೀಕ್ಷಿಸಿ ನೋಡುವ ಅಧ್ಯಯನದಲ್ಲಿ, ಮಾತ್ರ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುತ್ತದೆ. ಟ್ರಯಲ್ ಅಂತ ಹೇಳಿ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ತಾಯಿಯವರನ್ನು ಒಳ್ಳೆಯ ಮೂಳೆ ಡಾಕ್ಟರಿಗೆ ತೋರಿಸಿ.