ಹೆಸರು ನಿಮ್ಮದು, ಪೆಟ್ಟಿಗೆ ಬಾಡಿಗೆಯದು

ಪ್ರಶ್ನೆ: ಅನುವಾದ ನನ್ನ ವೃತ್ತಿ. ಹೆಸರಿನ ಹಿಂದೆ ನಾಲ್ಕು ಅಂಕಿಗಳ ಬಾಲವಿರುವ ಉಚಿತ ಇಮೇಲ್ ವಿಳಾಸವನ್ನು ಹದಿನೈದು ವರ್ಷಗಳಿಂದ ಬಳಸುತ್ತಿದ್ದೇನೆ. ಅದನ್ನು ಫೋನಿನಲ್ಲಿ ಹೇಳುವಾಗ ನನಗೇ ಮುಜುಗರ. ಸ್ವಂತ ಡೊಮೈನ್ ಹೆಸರಿನಲ್ಲಿ ಇಮೇಲ್ ಬೇಕೆಂದರೆ ವೆಬ್‌ಸೈಟ್ ಇರಲೇಬೇಕೇ? ಸರ್ವರ್ ಇಡಬೇಕೇ?

ಉತ್ತರ: ಎರಡೂ ಬೇಡ. ಸರ್ವರನ್ನಂತೂ ಇಡಲೇಬೇಡಿ. ನಾನು ಇಟ್ಟಿದ್ದೆ, ಎಂಟು ತಿಂಗಳು. ಪತ್ರ ಬರೆಯುವುದಕ್ಕಿಂತ ಬರೆದದ್ದು ತಲುಪಿತೇ ಎಂದು ವಿಚಾರಿಸುವುದರಲ್ಲೇ ದಿನ ಕಳೆಯುತ್ತಿತ್ತು.

ಇದರಲ್ಲಿ ಮೂರು ಬೇರೆಬೇರೆ ವ್ಯವಹಾರಗಳಿವೆ. ಒಂದು ಹೆಸರು, ಅಂದರೆ ಡೊಮೈನ್, ವಿಳಾಸದಲ್ಲಿ @ ಗುರುತಿನ ನಂತರ ಬರುವ ಭಾಗ: ಅದನ್ನು ರಿಜಿಸ್ಟ್ರಾರ್ ಬಳಿ, ಅಂದರೆ ಇಂಥ ಹೆಸರುಗಳನ್ನು ನೋಂದಾಯಿಸಿಕೊಡುವ ಕಂಪನಿಯಲ್ಲಿ, ವರ್ಷದ ಲೆಕ್ಕದಲ್ಲಿ ನೋಂದಾಯಿಸಬೇಕು. ಇನ್ನೊಂದು ಡಿಎನ್‌ಎಸ್, ಅಂತರ್ಜಾಲದ ವಿಳಾಸ ಪುಸ್ತಕ: ಈ ಹೆಸರಿಗೆ ಬಂದ ಪತ್ರವನ್ನು ಯಾವ ಯಂತ್ರಕ್ಕೆ ಒಯ್ಯಬೇಕು ಎಂಬುದನ್ನು ಅಲ್ಲಿ ಎಂಎಕ್ಸ್ ಎಂಬ ದಾಖಲೆಯಲ್ಲಿ ಬರೆದಿಡುತ್ತಾರೆ. ಕೊನೆಯದು ಪೆಟ್ಟಿಗೆ: ಪತ್ರ ಬಂದು ಬೀಳುವ ಜಾಗ. ಗೂಗಲ್, ಮೈಕ್ರೋಸಾಫ್ಟ್, ಜೊಹೊ, ಫಾಸ್ಟ್‌ಮೇಲ್, ಪ್ರೋಟಾನ್ ಮುಂತಾದವರು ಬಾಡಿಗೆಗೆ ಕೊಡುವುದು ಇದನ್ನೇ.

ಮೂರನ್ನೂ ಒಂದೇ ಕಡೆ ಮಾರುವವರಿದ್ದಾರೆ. ನಾನು ಮಾತ್ರ ಹೆಸರನ್ನು ಒಬ್ಬರಲ್ಲಿ, ಪೆಟ್ಟಿಗೆಯನ್ನು ಇನ್ನೊಬ್ಬರಲ್ಲಿ ಇಟ್ಟಿದ್ದೇನೆ. ಪೆಟ್ಟಿಗೆಯವರ ಮೇಲೆ ಬೇಸರವಾದ ದಿನ ಹಳೆಯ ಪತ್ರಗಳನ್ನು ಐಮ್ಯಾಪ್ (ಪೆಟ್ಟಿಗೆಯಲ್ಲಿನ ಪತ್ರಗಳನ್ನು ಹೊರಗಿನಿಂದ ಓದುವ ವಿಧಾನ) ಮೂಲಕ ಹೊಸ ಕಡೆಗೆ ನಕಲು ಮಾಡಿ, ಎಂಎಕ್ಸ್ ದಾಖಲೆಯನ್ನು ತಿದ್ದಿದರೆ ಮನೆ ಬದಲಾಯಿಸಿದಂತೆ. ವಿಳಾಸ ಮಾತ್ರ ಅದೇ. ಹೀಗೆ ಮೂರು ಸಲ ಬದಲಿಸಿದ್ದೇನೆ, ನನಗೆ ಪತ್ರ ಬರೆಯುವ ಒಬ್ಬರಿಗೂ ಗೊತ್ತಾಗಿಲ್ಲ. ಹಳೆಯ ಎಂಎಕ್ಸ್ ಸಾಲುಗಳನ್ನು ಅಳಿಸಲು ಮರೆಯಬೇಡಿ. ಸಾಲಿನ ಮುಂದಿನ ಅಂಕಿ ಚಿಕ್ಕದಾಗಿದ್ದಷ್ಟೂ ಅದಕ್ಕೆ ಆದ್ಯತೆ ಹೆಚ್ಚು. ಹಳೆಯದರ ಅಂಕಿ ಚಿಕ್ಕದಿದ್ದರೆ ಪತ್ರಗಳು ಖಾಲಿ ಮಾಡಿದ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತವೆ.

ಹೆಸರು ಆರಿಸುವಾಗ ಅದನ್ನು ಫೋನಿನಲ್ಲಿ ಒಬ್ಬರಿಗೆ ಹೇಳಿ, ಬರೆಯಲು ಹೇಳಿ. ದೀರ್ಘಕ್ಕೆ ಒಂದು ಎ ಸಾಕೋ ಎರಡು ಬೇಕೋ, ತಕಾರಕ್ಕೆ ಎಚ್ ಇದೆಯೋ ಇಲ್ಲವೋ ಎಂದು ಅವರು ಕೇಳಿದರೆ ಬೇರೆ ಹೆಸರು ಹುಡುಕಿ. ನಡುವೆ ಅಡ್ಡಗೆರೆ ಬೇಡವೇ ಬೇಡ.

ಇನ್ನು ನನ್ನ ದಡ್ಡತನದ ಕಥೆ. ರಿಜಿಸ್ಟ್ರಾರ್ ಖಾತೆಗೆ ಸಂಪರ್ಕ ವಿಳಾಸವಾಗಿ ನನ್ನ ಡೊಮೈನ್‌ನ ಇಮೇಲನ್ನೇ ಕೊಟ್ಟಿದ್ದೆ. ಕಾರ್ಡಿನ ಅವಧಿ ಮುಗಿದು ನವೀಕರಣದ ಹಣ ಪಾವತಿಯಾಗಲಿಲ್ಲ. ಎಚ್ಚರಿಕೆಯ ಪತ್ರಗಳು ಬಂದಿದ್ದವು, ಆದರೆ ಜಾಹೀರಾತುಗಳಿಗೆಂದು ನಾನೇ ಮಾಡಿಟ್ಟ ಫೋಲ್ಡರಿಗೆ ಹೋಗಿ ಕುಳಿತಿದ್ದವು. ಒಂದೂವರೆ ದಿನ ಯಾವ ಪತ್ರವೂ ಬರಲಿಲ್ಲ. ಎಂಥ ನೆಮ್ಮದಿ ಎಂದುಕೊಂಡೆ! ಸಂಶಯ ಬಂದು ರಿಜಿಸ್ಟ್ರಾರ್ ಖಾತೆ ತೆರೆಯಲು ಹೋದರೆ ಪಾಸ್‌ವರ್ಡ್ ನೆನಪಿಲ್ಲ. ಹೊಸದು ಪಡೆಯುವ ಕೊಂಡಿಯನ್ನು ಅವರು ಕಳುಹಿಸಿದ್ದು, ಬೇರೆಲ್ಲಿಗೆ, ಸತ್ತುಹೋಗಿದ್ದ ಆ ವಿಳಾಸಕ್ಕೆ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದಿದ್ದೆ. ಗುರುತಿನ ದಾಖಲೆಗಳನ್ನು ತೋರಿಸಿ ಖಾತೆ ಮರಳಿ ಪಡೆಯಲು ನಾಲ್ಕು ದಿನ ಹಿಡಿಯಿತು.

ಆದ್ದರಿಂದ ನೀವು ನಾಚುತ್ತಿರುವ ಆ ನಾಲ್ಕಂಕಿಯ ಉಚಿತ ವಿಳಾಸವನ್ನು ಬಿಸಾಡಬೇಡಿ. ರಿಜಿಸ್ಟ್ರಾರ್ ಖಾತೆಗೆ ಅದನ್ನೇ ಕೊಡಿ. ಆ ಖಾತೆಗೆ ಎರಡು ಹಂತದ ಲಾಗಿನ್ ಹಾಕಿ. ಸಾಧ್ಯವಿದ್ದರೆ ಹಲವು ವರ್ಷಗಳಿಗೆ ಒಟ್ಟಿಗೇ ನೋಂದಾಯಿಸಿ. ಡಾಟ್ ಕಾಮ್‌ಗೆ ಒಂದು ಸಲಕ್ಕೆ ಗರಿಷ್ಠ 10 ವರ್ಷ.

ಪ್ರಶ್ನೆ: ನನ್ನ ಹೊಸ ವಿಳಾಸ ಮೂರು ತಿಂಗಳು ಚೆನ್ನಾಗಿಯೇ ಇತ್ತು. ಸುದ್ದಿಪತ್ರ ಕಳುಹಿಸಲು ಇನ್ನೊಂದು ಸೇವೆಯನ್ನು ಸೇರಿಸಿ, ನನ್ನ ಪರವಾಗಿ ಪತ್ರ ಕಳುಹಿಸಲು ಅವರಿಗೆ ಅನುಮತಿಯಿದೆ ಎಂದು ಡಿಎನ್‌ಎಸ್‌ನಲ್ಲಿ ಸಾರುವ, ಅವರು ಹೇಳಿದ ಎಸ್‌ಪಿಎಫ್ ಸಾಲನ್ನೂ ಹಾಕಿದೆ. ಅಂದಿನಿಂದ ಮಾಮೂಲಿ ಪತ್ರಗಳೂ ಸ್ಪ್ಯಾಮ್‌ಗೆ ಹೋಗುತ್ತಿವೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಕಾರಣವಿದೆ: ಸಾಲನ್ನು 'ಹಾಕಿದೆ' ಎಂದಿದ್ದೀರಿ. ಹಾಕುವುದಲ್ಲ, ಇದ್ದದ್ದಕ್ಕೆ ಸೇರಿಸಬೇಕಿತ್ತು. ಒಂದು ಡೊಮೈನ್‌ಗೆ ಒಂದೇ ಎಸ್‌ಪಿಎಫ್ ದಾಖಲೆ. ಎರಡು ಕಂಡರೆ ಪತ್ರ ಪಡೆಯುವ ಸರ್ವರ್ ಅದನ್ನು ತಪ್ಪೆಂದು ಪರಿಗಣಿಸಿ ಎರಡನ್ನೂ ಬಿಟ್ಟುಬಿಡುತ್ತದೆ. ಹೊಸ ಸಾಲಿನ 'ಇನ್‌ಕ್ಲೂಡ್' ಭಾಗವನ್ನಷ್ಟೇ ಹಳೆಯ ಸಾಲಿನೊಳಗೆ, ಕೊನೆಯ 'ಆಲ್' ಪದಕ್ಕಿಂತ ಮೊದಲು ಸೇರಿಸಿ, ಎರಡನೆಯ ಸಾಲನ್ನು ಅಳಿಸಿ. ಸಿಕ್ಕ ಸೇವೆಗಳನ್ನೆಲ್ಲ ತುಂಬುತ್ತಲೂ ಹೋಗಬೇಡಿ. ಇಂಥ ಸಾಲನ್ನು ಓದಲು ಬೇಕಾಗುವ ಡಿಎನ್‌ಎಸ್ ವಿಚಾರಣೆಗಳು 10 ದಾಟುವಂತಿಲ್ಲ.

ಇಷ್ಟೆಲ್ಲ ಏಕೆ ಎಂದರೆ, 1982ರಲ್ಲಿ ಇಮೇಲ್ ಸಾಗಣೆಯ ನಿಯಮಗಳನ್ನು ಬರೆದಾಗ ಕಳುಹಿಸುವವನ ಗುರುತನ್ನು ಪರೀಕ್ಷಿಸುವ ಏರ್ಪಾಡೇ ಇರಲಿಲ್ಲ. ಲಕೋಟೆಯ ಮೇಲೆ 'ಇಂದ' ಎಂಬಲ್ಲಿ ಯಾರು ಯಾರ ಹೆಸರನ್ನಾದರೂ ಬರೆಯಬಹುದಿತ್ತು. ಆ ಸಡಿಲಿಕೆಗೆ ಹಾಕಿದ ತೇಪೆಗಳಿವು. ಈ ಡೊಮೈನ್ ಪರವಾಗಿ ಯಾವ ಯಂತ್ರಗಳು ಪತ್ರ ಕಳುಹಿಸಬಹುದು ಎಂಬುದು ಎಸ್‌ಪಿಎಫ್. ಪತ್ರಕ್ಕೆ ಹಾಕುವ ಮೊಹರು ಡಿಕಿಮ್. ಎರಡರಲ್ಲೂ ಸೋತ ಪತ್ರವನ್ನು ಏನು ಮಾಡಬೇಕೆಂದು ಹೇಳುವುದು ಡಿಮಾರ್ಕ್. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ, ಭಾರಿ ಸಂಖ್ಯೆಯಲ್ಲಿ ಪತ್ರ ಕಳುಹಿಸುವವರಿಗೆ ಮೂರನ್ನೂ ಕಡ್ಡಾಯ ಮಾಡಿವೆ. ನೀವು ಆ ಗುಂಪಿನವರಲ್ಲದಿರಬಹುದು, ಆದರೂ ಮೂರನ್ನೂ ಮಾಡಿ. ಡಿಮಾರ್ಕನ್ನು ಮೊದಲು 'ನನ್' (ಸೋತ ಪತ್ರಕ್ಕೆ ಏನೂ ಮಾಡಬೇಡ) ಎಂದಿಟ್ಟು ಕೆಲವು ವಾರ ವರದಿ ನೋಡಿ, ಆಮೇಲೆ ಬಿಗಿ ಮಾಡಿ.

ಪ್ರಶ್ನೆ: ನನ್ನ ಡೊಮೈನ್‌ನಲ್ಲಿ ಯಾವ ಹೆಸರಿಗೆ ಬರೆದರೂ ನನಗೇ ತಲುಪುವಂತೆ ಮಾಡಬಹುದಂತೆ. ಮಾಡಲೇ?

ಉತ್ತರ: ಮಾಡಬಹುದು, ಒಂದು ತಿಂಗಳಲ್ಲಿ ತೆಗೆದುಹಾಕುತ್ತೀರಿ. ಇಲ್ಲದ ಹೆಸರುಗಳನ್ನು ಊಹಿಸಿ ಬರೆಯುವ ಸ್ಪ್ಯಾಮ್‌ಕೋರರಿಗೆ ಅದು ಹಬ್ಬ. ಬೇಕಾದ ನಾಲ್ಕಾರು ಅಡ್ಡಹೆಸರುಗಳನ್ನು ಮಾಡಿಕೊಳ್ಳಿ. ಒಂದೊಂದು ಕಂಪನಿಗೆ ಒಂದೊಂದನ್ನು ಕೊಟ್ಟರೆ ನಿಮ್ಮ ವಿಳಾಸವನ್ನು ಸೋರಿಸಿದವರು ಯಾರೆಂದೂ ತಿಳಿಯುತ್ತದೆ.

ಪ್ರಶ್ನೆ: ವ್ಯಾಪಾರ ನಿಲ್ಲಿಸಿದ್ದೇನೆ. ಅದರ ಡೊಮೈನನ್ನು ನವೀಕರಿಸದೆ ಬಿಟ್ಟರೆ ನಷ್ಟವೇನು?

ಉತ್ತರ: ಡಾಟ್ ಕಾಮ್‌ನಂತಹ ಹೆಸರಾದರೆ, ಅವಧಿ ಮುಗಿದು ರಿಜಿಸ್ಟ್ರಾರ್ ಅದನ್ನು ಅಳಿಸಿದ ಮೇಲೂ ಬಿಡಿಸಿಕೊಳ್ಳಲು ನಿಮಗೆ 30 ದಿನ ಸಿಗುತ್ತದೆ. ಮತ್ತೆ ಐದು ದಿನಗಳಾದ ಮೇಲೆ ಅದು ಯಾರಿಗೆ ಬೇಕಾದರೂ ಸಿಗುತ್ತದೆ. ಕೊಂಡವನು ಎಂಎಕ್ಸ್ ದಾಖಲೆ ಹಾಕಿ, ಮೇಲಿನ ಓದುಗರು ಕೇಳಿದ ಏರ್ಪಾಡನ್ನೇ ಮಾಡಿದನೆನ್ನಿ. ನಿಮಗೆ ಬರಬೇಕಾದ ಪತ್ರಗಳು ಅವನಿಗೆ. ಬ್ಯಾಂಕಿನಲ್ಲೋ ತೆರಿಗೆ ಖಾತೆಯಲ್ಲೋ ಆ ಹಳೆಯ ವಿಳಾಸ ಉಳಿದಿದ್ದರೆ, ಪಾಸ್‌ವರ್ಡ್ ಬದಲಿಸುವ ಕೊಂಡಿಯೂ ಅವನಿಗೇ.

ಬಾಡಿಗೆಯ ಪೆಟ್ಟಿಗೆಯನ್ನು ಬೇಕಿದ್ದರೆ ಬಿಡಿ, ಹೆಸರನ್ನು ಇನ್ನೂ ಕೆಲವು ವರ್ಷ ಇಟ್ಟುಕೊಳ್ಳಿ. ಬರುವ ಪತ್ರಗಳನ್ನು ಬೇರೆ ವಿಳಾಸಕ್ಕೆ ತಿರುಗಿಸಿ. ಇನ್ನೂ ಯಾರು ಬರೆಯುತ್ತಿದ್ದಾರೆ ನೋಡಿ, ಒಂದೊಂದೇ ಖಾತೆಯಲ್ಲಿ ವಿಳಾಸ ತಿದ್ದುತ್ತಾ ಬನ್ನಿ. ವರ್ಷಕ್ಕೊಮ್ಮೆ ಬರೆಯುವವರೂ ಇರುತ್ತಾರೆ, ಅವಸರ ಬೇಡ.