ಗಿನಿಪಿಗ್‌ಗೂ ವ್ಯಕ್ತಿತ್ವವಿದೆಯೇ?

ಫ್ರಿಜ್‌ನ ಬಾಗಿಲು ತೆರೆದ ಸದ್ದಿಗೇ ನಿಮ್ಮ ಗಿನಿಪಿಗ್ ಕಿರುಚುತ್ತದೆ, ಒಮ್ಮೊಮ್ಮೆ ಕಾರಣವಿಲ್ಲದೆ ನಿಂತಲ್ಲೇ ಮೇಲಕ್ಕೆ ಚಿಮ್ಮುತ್ತದೆ, ಎತ್ತಿಕೊಂಡರೆ ಮಾತ್ರ ಅಲುಗಾಡದೆ ಮುದ್ದು ಮಾಡಿಸಿಕೊಳ್ಳುತ್ತದೆ ಎಂದು ಬರೆದಿದ್ದೀರಿ. ಇದೇ ಅದರ ಸ್ವಭಾವವೆಂದು ನೀವು ಹೇಳಿದರೆ, ಹುಲ್ಲು ತಿನ್ನುವ ಪುಟ್ಟ ದಂಶಕಕ್ಕೆ ಎಲ್ಲಿಯ ವ್ಯಕ್ತಿತ್ವ ಎಂದು ಮನೆಯವರು ನಗುತ್ತಾರಂತೆ. ನಮ್ಮ ಮತ ನಿಮ್ಮ ಕಡೆಗೇ ಇದೆ. ಆದರೆ ನೀವು ಹೇಳಿದ ಮೂರನೆಯ ಲಕ್ಷಣವನ್ನು ನಾವು ಬೇರೆಯಾಗಿ ಓದುತ್ತೇವೆ.

ಕಿರುಚಾಟ ಬಹುಮಟ್ಟಿಗೆ ಕಲಿತದ್ದು. ಯಾವ ಸದ್ದಿನ ಹಿಂದೆ ಸೊಪ್ಪು ಬರುತ್ತದೆ ಎಂಬುದನ್ನು ಈ ಪ್ರಾಣಿಗಳು ಬೇಗನೆ ಗುರುತಿಟ್ಟುಕೊಂಡು, ಆ ಉದ್ದನೆಯ ಸೀಟಿಯಂಥ ಕೂಗನ್ನು ಮುಖ್ಯವಾಗಿ ತಮ್ಮನ್ನು ಸಾಕುವವರತ್ತಲೇ ಹಾಯಿಸುತ್ತವೆ. ಚಿಮ್ಮುವುದಂತೂ ಅಪ್ಪಟ ಖುಷಿ. ಸಾಕುವವರು ಅದನ್ನು ಪಾಪ್‌ಕಾರ್ನಿಂಗ್ ಎನ್ನುತ್ತಾರೆ, ಮರಿಗಳಲ್ಲಿ ಅದು ಹೆಚ್ಚು.

ಎತ್ತಿಕೊಂಡಾಗಿನ ನಿಶ್ಚಲತೆಯನ್ನು ಮಾತ್ರ ಪ್ರೀತಿಯೆಂದು ಒಮ್ಮೆಗೇ ನಂಬಬೇಡಿ. ಗಿನಿಪಿಗ್‌ನ ಪೂರ್ವಜರು ದಕ್ಷಿಣ ಅಮೆರಿಕದ ಹುಲ್ಲುಗಾವಲುಗಳಲ್ಲಿ ಬೇಟೆಗಾರ ಪ್ರಾಣಿಗಳ ನಡುವೆ ಬದುಕಿದವು. ಕಚ್ಚಿ ಕಾದಾಡುವ ಶಕ್ತಿ ಅವುಗಳಿಗಿಲ್ಲದ್ದರಿಂದ ಓಡಿ ಅಡಗುವುದು, ಇಲ್ಲವೇ ಕಲ್ಲಿನಂತೆ ಸ್ತಬ್ಧವಾಗುವುದು, ಈ ಎರಡೇ ದಾರಿಗಳಿದ್ದವು. ಮೇಲಿನಿಂದ ಇಳಿದು ಬರುವ ಕೈ ಅದಕ್ಕೆ ಹದ್ದಿನ ಹಾಗೆಯೇ ಕಾಣಬಹುದು. ಮೈ ಬಿಗಿದು ಕಣ್ಣರಳಿಸಿ ಕುಳಿತಿದ್ದರೆ ಅದು ಭಯ. ಕಾಲು ಚಾಚಿ ಮೈ ಸಡಿಲಿಸಿದರೆ, ಮಡಿಲಲ್ಲಿಯೇ ಎಲೆಯನ್ನು ಕಚ್ಚಿ ಅಗಿಯತೊಡಗಿದರೆ, ಅದು ನಂಬಿಕೆ. ನೆಲದ ಮೇಲೆ ಕುಳಿತು, ಅದೇ ನಿಮ್ಮ ಬಳಿ ಬರುವಂತೆ ಬಿಡುವುದು ಎತ್ತಿ ಮುದ್ದಿಸುವುದಕ್ಕಿಂತ ಒಳ್ಳೆಯದು.

ಹಾಗಾದರೆ ಎಲ್ಲವೂ ಹುಟ್ಟುಗುಣವೇ ಎಂದು ಮನೆಯವರು ಕೇಳಿಯಾರು. ಹುಟ್ಟುಗುಣ ಒಂದೇ ಆದರೂ ಒಂದು ಗಿನಿಪಿಗ್ ಹೊಸ ರಟ್ಟಿನ ಪೆಟ್ಟಿಗೆಗೆ ತಕ್ಷಣ ನುಗ್ಗುತ್ತದೆ, ಮತ್ತೊಂದು ದಿನವಿಡೀ ಅದರ ಹತ್ತಿರ ಸುಳಿಯುವುದಿಲ್ಲ. ಈ ವ್ಯತ್ಯಾಸಕ್ಕೆ ವ್ಯಕ್ತಿತ್ವವೆನ್ನದೆ ಬೇರೇನೆನ್ನಬೇಕು?

ಇದು ಒಂಟಿಯಾಗಿದೆ ಎಂದೂ ಬರೆದಿದ್ದೀರಿ. ನಮ್ಮನ್ನು ಹೆಚ್ಚು ಕಾಡಿದ ಸಂಗತಿ ಇದೇ. ಸೊಂಟ ಬಳುಕಿಸುತ್ತ ಗುರುಗುಟ್ಟಿ ಮೆರೆಯುವುದು, ಹಲ್ಲು ಕಟಕಟಿಸಿ ಎಚ್ಚರಿಸುವುದು, ಒಂದರ ಹಿಂದೊಂದು ಸಾಲಾಗಿ ಓಡುವುದು, ಇವೆಲ್ಲ ಜೊತೆಗಾರರಿದ್ದಾಗಲೇ ಚೆನ್ನಾಗಿ ಹೊರಬರುತ್ತವೆ. ಗುಂಪಿನಲ್ಲಿ ಬಾಳುವ ಈ ಪ್ರಾಣಿಯನ್ನು ಒಂಟಿಯಾಗಿ ಸಾಕುವುದಕ್ಕೆ ಸ್ವಿಟ್ಜರ್ಲೆಂಡಿನ ಕಾನೂನು 2008ರಿಂದ ಅವಕಾಶ ಕೊಟ್ಟಿಲ್ಲ. ಆದರೆ ಜೊತೆ ತರುವ ಮುನ್ನ ಎರಡರ ಲಿಂಗವನ್ನೂ ಪಶುವೈದ್ಯರಿಂದ ಖಚಿತಪಡಿಸಿಕೊಳ್ಳಿ: ಗರ್ಭಾವಧಿ ಸುಮಾರು ಎರಡು ತಿಂಗಳು, ಹೆತ್ತ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಗರ್ಭ ಧರಿಸಬಲ್ಲದು.

ಸ್ವಭಾವವನ್ನು ಬಲ್ಲವರಿಗೆ ಇನ್ನೊಂದು ಲಾಭವೂ ಇದೆ. ಬೇಟೆಗೆ ಈಡಾಗುವ ಪ್ರಾಣಿ ಕಾಯಿಲೆಯನ್ನು ಮುಚ್ಚಿಡುತ್ತದೆ. ಬೆಳೆಯುತ್ತಲೇ ಇರುವ ಹಲ್ಲಿನ ತೊಂದರೆಯಾಗಲಿ, ತನ್ನ ದೇಹ ತಾನಾಗಿ ತಯಾರಿಸಲಾರದ ವಿಟಮಿನ್ ಸಿ ಕೊರತೆಯಾಗಲಿ, ಮೊದಲು ಕಾಣುವುದು ವರ್ತನೆಯ ಬದಲಾವಣೆಯಲ್ಲಿಯೇ ಇರಬಹುದು. ನಿಮ್ಮ ಕಿರುಚುಗ ಒಂದು ದಿನ ಫ್ರಿಜ್‌ನ ಸದ್ದಿಗೂ ಸುಮ್ಮನಿದ್ದು ಹುಲ್ಲು ಮುಟ್ಟದಿದ್ದರೆ, ಮರುದಿನಕ್ಕೆ ಕಾಯದೆ ಅಂದೇ ಪಶುವೈದ್ಯರ ಬಳಿಗೆ ಒಯ್ಯಿರಿ.

— ಸಂಪಾದಕ