ಮಳೆಗಾಲಕ್ಕೆ ಡಿಪ್ರೆಶನ್ ವಾಸಿಯಾಗೋದು ತಡವಾಗುತ್ತದಾ? ಹೆಂಗಸರಿಗೆ ಇನ್ನೂ ತಡವಾ?

ನಿಮಗೆ ಎಂಟು ತಿಂಗಳ ಮಗು ಇದೆ, ಮಾತ್ರೆ ತಗೊಂಡು ಸುಧಾರಿಸುತ್ತಿದ್ದಿರಿ, ಮಳೆ ಹಿಡಿದ ಮೇಲೆ ಮತ್ತೆ ಕುಸಿದಿದ್ದೀರಿ. ಕಾರಣ ಮಳೆಯಾ, ಹೆಣ್ಣಾಗಿರುವುದಾ ಅಂತ ಕೇಳಿದ್ದೀರಿ. ನಾನೂ ಇದೇ ದಾರಿಯಲ್ಲಿ ಬಂದವಳು.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಅಡಿಕೆ ತೋಟದ ನಡುವೆ. ಎರಡನೇ ಹೆರಿಗೆಯ ನಂತರ ನನಗೆ ಡಿಪ್ರೆಶನ್ ಬಂತು. ಮೇ ತಿಂಗಳಲ್ಲಿ ಮಾತ್ರೆ ಶುರುವಾಯಿತು. ಮೂರು ವಾರದಲ್ಲಿ ನಿದ್ದೆ ಬಂತು, ಊಟ ಸೇರಿತು. ಆಮೇಲೆ ಆಟಿ, ಜಡಿಮಳೆಯ ತಿಂಗಳು. ಮಧ್ಯಾಹ್ನವೂ ಲೈಟ್ ಹಾಕಬೇಕು, ಅದೂ ಕರೆಂಟ್ ಇದ್ದರೆ. ಮಗುವಿನ ಬಟ್ಟೆ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದೆ. ದಿನಗಟ್ಟಲೆ ಅಂಗಳಕ್ಕೆ ಇಳಿಯಲಿಲ್ಲ. ಮತ್ತೆ ಅಳು.

ಋತುವಿಗೂ ಮನಸ್ಸಿಗೂ ಸಂಬಂಧ ಇದೆ. 1984ರಲ್ಲಿ ಅಮೆರಿಕದಲ್ಲಿ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಜೊತೆಗಾರರು ಚಳಿಗಾಲದಲ್ಲಿ ಮರಳಿ ಮರಳಿ ಬರುವ ಡಿಪ್ರೆಶನ್ ಬಗ್ಗೆ ಬರೆದರು. ಅದು ಹಗಲು ತುಂಬಾ ಗಿಡ್ಡವಾಗುವ ಊರುಗಳ ವಿಷಯ, ಹಾಗೇ ನಮ್ಮ ಮಳೆಗೆ ಅಂಟಿಸಬೇಡಿ. ಆದರೆ ಬೆಳಕಿನ ಮಾತು ನಮಗೂ ಬೇಕು. ಅಲ್ಲಿ ಚಿಕಿತ್ಸೆಗೆ 10,000 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ದೀಪದ ಮುಂದೆ ಬೆಳಿಗ್ಗೆ ಅರ್ಧ ಗಂಟೆ ಕೂರಿಸುತ್ತಾರೆ. ಮನೆಯೊಳಗಿನ ಟ್ಯೂಬ್‌ಲೈಟ್ ಬೆಳಕು ಕೆಲವು ನೂರು ಲಕ್ಸ್ ಅಷ್ಟೇ. ಮೋಡ ಕವಿದ ಅಂಗಳದಲ್ಲೂ ಅದಕ್ಕಿಂತ ಎಷ್ಟೋ ಜಾಸ್ತಿ. ನನ್ನ ಡಾಕ್ಟರು ಮಾತ್ರೆಯ ಪ್ರಮಾಣ ಸ್ವಲ್ಪ ಏರಿಸಿ, ದಿನಾ ಬೆಳಿಗ್ಗೆ ಜಗಲಿಯಲ್ಲಿ ಕೂರಿ, ಮಳೆ ಬಿಟ್ಟಾಗ ನಡೆಯಿರಿ ಅಂದರು.

ಹೆಂಗಸರಿಗೆ ಡಿಪ್ರೆಶನ್ ಬರುವುದು ಗಂಡಸರಿಗಿಂತ ಜಾಸ್ತಿ, ನಿಜ. ಹಾಗಂತ ವಾಸಿಯಾಗುವುದಿಲ್ಲ ಅಂತಲ್ಲ. ಮಾತ್ರೆ, ಕೌನ್ಸೆಲಿಂಗ್ ಇಬ್ಬರಿಗೂ ಕೆಲಸ ಮಾಡುತ್ತವೆ. ನಮ್ಮ ಭಾವನನ್ನೇ ನೋಡಿ. ಕೊಳೆರೋಗದಲ್ಲಿ ಅಡಿಕೆ ಉದುರಿದ ವರ್ಷ ಅವರಿಗೆ ಬರೀ ಸಿಟ್ಟು, ಆಮೇಲೆ ಕುಡಿತ. ಅದೂ ಡಿಪ್ರೆಶನ್ ಅಂತ ಯಾರಿಗೂ ಹೊಳೆಯಲಿಲ್ಲ, ಅವರೂ ಬಾಯಿ ಬಿಡಲಿಲ್ಲ. ಎರಡು ವರ್ಷ ಹಾಗೇ ಹೋಯಿತು. ನನಗೆ ಅಳು ಬರುತ್ತಿತ್ತು, ಅದಕ್ಕೇ ಬೇಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆದರೆ ಭಾವ ಎಂಥ ಮಳೆಯಲ್ಲೂ ಕೊಡೆ ಹಿಡಿದು ಪೇಟೆಗೆ ಹೋಗಬಹುದಿತ್ತು. ನನಗೆ ಮಗುವನ್ನು ಬಿಟ್ಟು ಗೇಟಿನ ತನಕ ಹೋಗುವುದೂ ಕಷ್ಟ.

ದಯವಿಟ್ಟು ಮಾತ್ರೆ ನೀವಾಗೇ ನಿಲ್ಲಿಸಬೇಡಿ. ಕುಸಿದದ್ದನ್ನು ಡಾಕ್ಟರಿಗೆ ಈಗಲೇ ಹೇಳಿ. ಥೈರಾಯ್ಡ್ ಪರೀಕ್ಷೆ ಆಗಿದೆಯಾ ಕೇಳಿ, ಹೆರಿಗೆಯ ನಂತರ ಅದು ಏರುಪೇರಾಗುವುದುಂಟು. ಸಾಯುವ ಯೋಚನೆ ಬಂದರೆ ಕಾಯಬೇಡಿ, ಮನೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯವರು ಸಿಗುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಮನಸ್ಸಿನ ಮಾತನ್ನು ಮಲಯಾಳದಲ್ಲಿ ಹೇಳಲು ಬಾರದ ನಮ್ಮಂಥವರಿಗೆ ಅದು ದೊಡ್ಡ ವಿಷಯ ಅಲ್ವಾ.

ಬೆಳಿಗ್ಗೆ ಅರ್ಧ ಗಂಟೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಇವತ್ತೇ ಮನೆಯಲ್ಲಿ ಕೇಳಿ. ನಮ್ಮಲ್ಲಿ ಅತ್ತೆ ಒಪ್ಪಿದರು.